ಸುಲಿಯುವ ಕೈ, ತಿರುವುವ ಕೈ

ಶಿರಸಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಊಟವಾದ ಮೇಲೂ ಮೆಟ್ಟುಗತ್ತಿಯ ಸದ್ದು ನಿಲ್ಲುವುದಿಲ್ಲ. ಒತ್ತು, ಹೊರಳಿಸು, ಸಿಪ್ಪೆ ಬಿಡಿಸು, ಬುಟ್ಟಿಗೆ ಎಸೆ: ಟಪ್. ನಮ್ಮ ದೊಡ್ಡಮ್ಮ ಊರಿನ ಸುದ್ದಿಯನ್ನೆಲ್ಲ ಹೇಳುತ್ತಲೇ ಸುಲಿಯುತ್ತಿದ್ದಳು. ಮಾತು ಎಲ್ಲಿಯಾದರೂ ತಡವರಿಸೀತು, ಆ ಟಪ್ ತಡವರಿಸುತ್ತಿರಲಿಲ್ಲ.

ಈ ತಾಳ ಇರುವುದು ಕೈಯಲ್ಲೋ, ತಲೆಯಲ್ಲೋ? ವಿಂಗ್ ಮತ್ತು ಕ್ರಿಸ್ಟಾಫರ್ಸನ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಇದಕ್ಕೊಂದು ಜಾಣ ಲೆಕ್ಕ ಕೊಟ್ಟರು. ಅರ್ಧ ಸೆಕೆಂಡಿಗೊಮ್ಮೆ, ಅಂದರೆ 500 ಮಿಲಿಸೆಕೆಂಡಿಗೊಮ್ಮೆ, ಬೆರಳಿನಿಂದ ಮೇಜು ತಟ್ಟುತ್ತಿದ್ದೀರಿ ಎನ್ನೋಣ. ಮಿದುಳಿನ ಗಡಿಯಾರ ಸರಿಯಾಗಿಯೇ ಹೇಳಿತು, ಬೆರಳು ಮಾತ್ರ 20 ಮಿಲಿಸೆಕೆಂಡು ಸೋಮಾರಿಯಾಯಿತು. ಆಗ ಆ ಅಂತರ 520 ಆಗುತ್ತದೆ. ಮುಂದಿನ ತಟ್ಟು ಹೊತ್ತಿಗೆ ಸರಿಯಾಗಿ ಬಿದ್ದರೆ ಅದರ ಅಂತರ 480ಕ್ಕೆ ಇಳಿಯುತ್ತದೆ. ಗಡಿಯಾರವೇ ತಡ ಮಾಡಿದ್ದರೆ 520 ಆದ ಮೇಲೆ ಮತ್ತೆ 500, ಅಷ್ಟೇ. ಒಂದು ಉದ್ದವಾದ ಬೆನ್ನಿಗೇ ಇನ್ನೊಂದು ಗಿಡ್ಡವಾದರೆ ತಪ್ಪು ಕೈಯದು. ತಲೆಬುರುಡೆ ತೆರೆಯದೆ, ಬರಿಯ ಟಪ್ ಟಪ್ ಕೇಳಿ ಕಳ್ಳನನ್ನು ಹಿಡಿಯುವ ಈ ಉಪಾಯ ನನಗೆ ಬಹಳ ಇಷ್ಟ.

ಇದೇ ಲೆಕ್ಕವನ್ನು 1988ರಲ್ಲಿ ಐವ್ರಿ ಮತ್ತು ಸಂಗಡಿಗರು ಕಿರುಮೆದುಳಿಗೆ ಪೆಟ್ಟಾದವರ ಮೇಲೆ ಹಚ್ಚಿದರು. ಕತ್ತಿನ ಮೇಲ್ಗಡೆ, ಮಿದುಳಿನ ಹಿಂಬದಿಗೆ ಅಂಟಿಕೊಂಡಿರುವ ಭಾಗ ಅದು. ಕಿರುಮೆದುಳಿನೊಳಗೇ ಎಡಬಲ ಬದಿಯ ಭಾಗ ಕೆಟ್ಟವರಲ್ಲಿ ಗಡಿಯಾರ ಏರುಪೇರಾಗಿತ್ತು. ನಡುಭಾಗ ಕೆಟ್ಟವರಲ್ಲಿ ಗಡಿಯಾರ ಸರಿಯಿದ್ದು, ಅದರ ಮಾತನ್ನು ನಡೆಸಿಕೊಡುವ ಕೈ ಎಡವುತ್ತಿತ್ತು.

ಕೊಯ್ಲಿನ ಹಿಂದೆಯೇ ಆಲೆಮನೆ ಬರುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸಟ್ಟುಗ ಸುತ್ತುತ್ತಲೇ ಇರುತ್ತದೆ. ನೋಡಲು ಅದೂ ತಾಳಬದ್ಧವೇ. ಆದರೆ 2003ರ ಪ್ರಯೋಗವೊಂದರಲ್ಲಿ, ಬೆರಳು ತಟ್ಟಲು ತಿಣುಕಾಡಿದ ಕಿರುಮೆದುಳಿನ ರೋಗಿಗಳು ಬಿಡದೆ ವೃತ್ತ ಬರೆಯುವಾಗ ಲಯದಲ್ಲಿ ಆರೋಗ್ಯವಂತರಿಗಿಂತ ಹಿಂದೆ ಬೀಳಲಿಲ್ಲ. ಪ್ರತಿ ಸುತ್ತಿಗೂ ಒಮ್ಮೆ ನಿಂತು ಮುಂದುವರಿಯಿರಿ ಎಂದಾಗ ಮತ್ತೆ ತಪ್ಪಿದರು. ಬಿಡದೆ ಸುತ್ತುವ ಕೈಗೆ 'ಈಗ' ಎಂದು ಹೇಳುವವರು ಬೇಕಿಲ್ಲ; ವೇಗ ಒಂದೇ ಹದದಲ್ಲಿದ್ದರೆ ಲಯ ತಾನಾಗಿ ಹುಟ್ಟುತ್ತದೆ. ನಿಂತು ಹೊರಡುವ ಕೈಗೆ ಪ್ರತಿ ಸಲವೂ ಅಪ್ಪಣೆ ಬೇಕು.

ಮೆಟ್ಟುಗತ್ತಿ, ಸಟ್ಟುಗಗಳ ಹೋಲಿಕೆ ನನ್ನದು, ಪ್ರಯೋಗಾಲಯದ್ದಲ್ಲ. ಆದರೂ ಬೆಲ್ಲ ಹದಕ್ಕೆ ಬರುವ ಹೊತ್ತಿಗೆ, ಪಾಕದ ಎಳೆ ನೋಡಲು ಸುತ್ತಿಗೊಮ್ಮೆ ಸಟ್ಟುಗ ಎತ್ತುವವನನ್ನು ಕಂಡಾಗ, ಇವನ ಕೈಯೂ ಈಗ ದೊಡ್ಡಮ್ಮನ ಗಡಿಯಾರವನ್ನು ಕೇಳತೊಡಗಿತು ಅನ್ನಿಸುತ್ತದೆ.