ಚೀಟಿ ಬರೆದುಕೊಟ್ಟರೆ ಸಾಲದು

ಗಾರೆ ಕೆಲಸದ ಮೇಸ್ತ್ರಿ ಒಬ್ಬರು ಫಾಲೋಅಪ್‌ಗೆ ಬಂದಿದ್ದರು. ಕುಡಿತ ಬಿಡಿಸುವ ವಾರ್ಡಿನಿಂದ ಮನೆಗೆ ಹೋಗಿ ಮೂರು ವಾರ ಆಗಿತ್ತು. ‘ಮೀಟಿಂಗಿಗೆ ಹೋದ್ರಾ?’ ಅಂತ ಕೇಳಿದೆ. ಅಂಗಿ ಜೇಬಿನಿಂದ ಒಂದು ಚೀಟಿ ತೆಗೆದರು. ಎ.ಎ. ಮೀಟಿಂಗಿನ ವಿಳಾಸ, ನಾನೇ ಬರೆದುಕೊಟ್ಟಿದ್ದು. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಗುಂಪು. ಬೆವರಿಗೆ ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿತ್ತು. ‘ಎರಡು ಸಲ ಗೇಟ್ ತನಕ ಹೋದೆ ಮೇಡಂ. ಒಳಗೆ ಯಾರಿರ್ತಾರೋ, ಏನು ಕೇಳ್ತಾರೋ ಅಂತ ವಾಪಸ್ ಬಂದ್ಬಿಟ್ಟೆ.’

ಆವತ್ತು ಅವರ ಎದುರಿಗೇ ಗ್ರೂಪಿನ ಹಳೆಯ ಸದಸ್ಯರೊಬ್ಬರಿಗೆ ಫೋನ್ ಮಾಡಿ ಅವರ ಕೈಗೆ ಕೊಟ್ಟೆ. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು. ‘ಅಣ್ಣ, ಸಂಜೆ ಆರಕ್ಕೆ ಬಸ್ ಸ್ಟ್ಯಾಂಡ್ ಹತ್ರ ನಿಂತಿರ್ತೀನಿ. ನೀಲಿ ಶರ್ಟು. ಇಬ್ರೂ ಒಟ್ಟಿಗೆ ಹೋಗೋಣ.’ ಮೇಸ್ತ್ರಿ ಹೋದರು.

ಇದು ನಾನು ಕಂಡುಹಿಡಿದ ಉಪಾಯ ಅಲ್ಲ. 1981ರಲ್ಲಿ ಅಮೆರಿಕದ ಸಿಸನ್ ಮತ್ತು ಮಲ್ಲಮ್ಸ್ ಎಂಬ ಇಬ್ಬರು 20 ಜನರ ಮೇಲೆ ಒಂದು ಚಿಕ್ಕ ಅಧ್ಯಯನ ಮಾಡಿದರು. ಅರ್ಧ ಜನರಿಗೆ ಮೀಟಿಂಗಿನ ಜಾಗ, ಸಮಯ ತಿಳಿಸಿ ಹೋಗಿ ಅಂದರು. ಉಳಿದವರಿಗೆ ಆಗಲೇ ಒಬ್ಬ ಸದಸ್ಯರ ಜೊತೆ ಫೋನಿನಲ್ಲಿ ಮಾತಾಡಿಸಿ, ಅವರೇ ಕರೆದುಕೊಂಡು ಹೋಗುವ ಏರ್ಪಾಡು ಮಾಡಿದರು. ಎರಡನೇ ಗುಂಪಿನ ಹತ್ತೂ ಜನ ಮೀಟಿಂಗಿಗೆ ಹೋದರು. ಮೊದಲನೇ ಗುಂಪಿನಿಂದ ಒಬ್ಬರೂ ಹೋಗಲಿಲ್ಲ.

ಹೋದರೆ ಉಪಯೋಗ ಇದೆಯಾ? ಇದೆ. ಕಾಕ್ರೇನ್ ಅಂದರೆ ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಒಟ್ಟುಹಾಕಿ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ. ಅದರ 2020ರ ವಿಮರ್ಶೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಜಾಸ್ತಿ ಜನರ ವಿವರವನ್ನು ನೋಡಿತು. ಸಲಹೆಗಾರರು ಕ್ರಮವಾಗಿ ಎ.ಎ.ಗೆ ಜೋಡಿಸಿದವರಲ್ಲಿ, ಬೇರೆ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಮಂದಿ ಪೂರ್ತಿ ಕುಡಿಯದೆ ಉಳಿದಿದ್ದರು.

ಗೇಟಿನ ಹತ್ತಿರ ನಿಂತವರಿಗಾಗಿ ಒಳಗೆ ಏನಿರುತ್ತದೆ ಅಂತ ಹೇಳಿಬಿಡುತ್ತೇನೆ. ನಾನು ನೋಡಿದ್ದು ಒಂದು ಶಾಲೆಯ ಕೋಣೆ. ಹತ್ತು ಹನ್ನೆರಡು ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ. ಯಾರೂ ಅರ್ಜಿ ತುಂಬಿಸಲಿಲ್ಲ, ಪೂರ್ತಿ ಹೆಸರು ಕೇಳಲಿಲ್ಲ. ಒಬ್ಬೊಬ್ಬರಾಗಿ ಹೆಸರು ಹೇಳಿ, ‘ನಾನೊಬ್ಬ ಆಲ್ಕೊಹಾಲಿಕ್’ ಅಂತ ಶುರು ಮಾಡುತ್ತಾರೆ. ತಮ್ಮ ಕಥೆ ಹೇಳುತ್ತಾರೆ. ನಡುವೆ ಬಾಯಿ ಹಾಕುವವರಿಲ್ಲ, ಬುದ್ಧಿ ಹೇಳುವವರಿಲ್ಲ. ಹೊಸಬರು ಸುಮ್ನೆ ಕೂತು ಕೇಳಬಹುದು, ಮಾತಾಡಲೇಬೇಕು ಅಂತಿಲ್ಲ. ಫೀಸು ಇಲ್ಲ. ಕೊನೆಗೆ ಬಾಡಿಗೆ, ಚಹಾ ಖರ್ಚಿಗೆ ಅಂತ ಒಂದು ಚೀಲ ಸುತ್ತುತ್ತದೆ. ಕೊಡದಿದ್ದರೂ ಪರವಾಗಿಲ್ಲ. ಸೇರಲು ಇರುವ ಷರತ್ತು ಒಂದೇ, ಕುಡಿತ ಬಿಡಬೇಕೆಂಬ ಆಸೆ. ‘ಓಪನ್’ ಮೀಟಿಂಗಿಗೆ ಮನೆಯವರೂ ಬರಬಹುದು. ‘ಕ್ಲೋಸ್ಡ್’ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ.

ಮೇಸ್ತ್ರಿ ಮಾರನೇ ದಿನ ಬಂದು ಹೇಳಿದ್ದು ಇಷ್ಟು: ‘ಬೆಳಿಗ್ಗೆ ಕೈ ನಡುಗ್ತಿತ್ತು ಅಂತ ಲೋಟ ಎರಡು ಕೈಯಲ್ಲಿ ಹಿಡೀತಿದ್ದೆ. ಇದು ನನಗೊಬ್ಬನಿಗೇ ಅಂದ್ಕೊಂಡಿದ್ದೆ. ಅಲ್ಲಿ ಬ್ಯಾಂಕಿನವರೊಬ್ರು ಅದನ್ನೇ ಹೇಳಿದ್ರು.’ ಇಂಥ ಮಾತನ್ನು ನಾನು ಎಷ್ಟು ಕೌನ್ಸೆಲಿಂಗ್ ಮಾಡಿದರೂ ಅವರಿಗೆ ಕೊಡಲಾರೆ.

ಆ ಕೈ ನಡುಕದ ಬಗ್ಗೆ ಒಂದು ಎಚ್ಚರಿಕೆ. ಬೆಳಿಗ್ಗೆ ನಡುಕ, ಬೆವರು ಇದ್ದು, ಒಂದು ಪೆಗ್ ಹಾಕಿದ ಮೇಲೇ ನಿಲ್ಲುತ್ತದೆ ಅನ್ನುವವರು ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಗೊಂದಲ, ಇಲ್ಲದ್ದು ಕಾಣಿಸುವುದು ಶುರುವಾಗಬಹುದು. ಜೀವಕ್ಕೇ ಅಪಾಯ. ಅಂಥವರು ಮೊದಲು ಡಾಕ್ಟರ ಹತ್ತಿರ ಹೋಗಬೇಕು, ಆಮೇಲೆ ಮೀಟಿಂಗು. ಡಾಕ್ಟರು ಕೊಟ್ಟ ಮಾತ್ರೆಯನ್ನು ಗ್ರೂಪಿನಲ್ಲಿ ಯಾರೋ ಬೇಡ ಅಂದರು ಅಂತಲೂ ಬಿಡಬೇಡಿ.

ಗ್ರೂಪ್ ಹುಡುಕೋದು ಕಷ್ಟ ಅಲ್ಲ. ಎ.ಎ. ಭಾರತಕ್ಕೆ ಬಂದಿದ್ದು 1957ರಲ್ಲಿ. ಅವರ ವೆಬ್‌ಸೈಟಿನಲ್ಲಿ ಊರು, ದಿನ, ಸಮಯ ಸಿಗುತ್ತದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಹಳ್ಳಿ ಕಡೆಯವರಿಗೆ ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಗೊತ್ತೇ ಇದೆ. ಎಂಟು ದಿನದ ಶಿಬಿರ ಮುಗಿಸಿದವರು ನವಜೀವನ ಸಮಿತಿಯಲ್ಲಿ ಆಗಾಗ ಸೇರುತ್ತಾರೆ. ಶಿಬಿರಕ್ಕಿಂತ ಆ ಸೇರುವಿಕೆಯೇ ಮುಖ್ಯ ಅಂತ ನನ್ನ ಅನುಭವ. ಹೆಂಗಸರಿಗೆ ಗಂಡಸರೇ ತುಂಬಿರುವ ಕೋಣೆ ಮುಜುಗರ, ನಿಜ. ಮಹಿಳೆಯರ ಮೀಟಿಂಗ್ ಅಥವಾ ಆನ್‌ಲೈನ್ ಮೀಟಿಂಗ್ ಇದೆಯಾ ಅಂತ ಫೋನಿನಲ್ಲೇ ಕೇಳಿ. ಒಂದು ಗ್ರೂಪ್ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಮೂರ್ನಾಲ್ಕು ಸಲ ಹೋಗದೆ ತೀರ್ಮಾನ ಮಾಡಬೇಡಿ.

ಮೇಸ್ತ್ರಿ ದೀಪಾವಳಿಗೆ ಮತ್ತೆ ಕುಡಿದರು. ಹೆಂಡತಿ ಅಳುತ್ತಾ ಫೋನ್ ಮಾಡಿದರು, ‘ಎಲ್ಲಾ ಹೋಯ್ತು ಮೇಡಂ.’ ಎಲ್ಲಾ ಹೋಗಿರಲಿಲ್ಲ. ಅವರು ಮಾರನೇ ಸಂಜೆಯೇ ಮೀಟಿಂಗಿಗೆ ಹೋಗಿ ಇದ್ದದ್ದನ್ನು ಹೇಳಿದರು. ಯಾರೂ ಬೈಯಲಿಲ್ಲವಂತೆ, ಚಹಾ ಕೊಟ್ಟರಂತೆ. ಆಕೆಗೆ ನಾನು ಅಲ್-ಅನಾನ್ ಬಗ್ಗೆ ಹೇಳಿದೆ. ಅದು ಮನೆಯವರ ಗ್ರೂಪು. ಈ ಸಲ ಚೀಟಿ ಬರೆಯಲಿಲ್ಲ. ಅಲ್ಲಿಗೆ ಹೋಗುವ ಒಬ್ಬ ಅಕ್ಕನಿಗೆ ಫೋನ್ ಮಾಡಿ, ಇಬ್ಬರನ್ನೂ ಮಾತಾಡಿಸಿದೆ.