ಕಿಡ್ನಿ ಕಲ್ಲು: ಒಂದು ದಿನದ ಮೂತ್ರ ಹೇಳುವ ಲೆಕ್ಕ

ಮಾಮೂಲಿ ಮೂತ್ರ ಪರೀಕ್ಷೆಯ ವರದಿಯಲ್ಲಿ ‘ಕ್ಯಾಲ್ಸಿಯಂ ಆಕ್ಸಲೇಟ್ ಹರಳು ++’ ಎಂದು ಕಂಡ ಕೂಡಲೇ ಕಿಡ್ನಿಯಲ್ಲಿ ಕಲ್ಲಾಗಿಯೇ ಬಿಟ್ಟಿತು ಎಂದು ಗಾಬರಿಬೀಳುವವರಿದ್ದಾರೆ. ಆ ಒಂದು ಸಾಲಿಗೆ ಅಷ್ಟು ಬೆಲೆ ಕೊಡಬೇಕಿಲ್ಲ. ಹಿಂದಿನ ದಿನ ಆಕ್ಸಲೇಟ್ ಎಂಬ ಅಂಶ ಹೇರಳವಾಗಿರುವ ಪಾಲಕ್ ತಿಂದಿದ್ದರೂ, ಡಬ್ಬಿ ಲ್ಯಾಬಿನಲ್ಲಿ ಹೊತ್ತು ಕಳೆದು ತಣ್ಣಗಾದರೂ ಹರಳು ಮೂಡಬಹುದು. ಆರು ಮೂಲೆಯ ಸಿಸ್ಟೀನ್ ಹರಳು ಕಂಡರೆ ಮಾತ್ರ ಮಾತು ಬೇರೆ. ಅದು ವಂಶವಾಹಿ ಕಾಯಿಲೆಯ ಗುರುತು. ಪದೇಪದೇ ಕಲ್ಲಾಗುವವರಿಗೆ ಬೇಕಾದದ್ದು 24 ಗಂಟೆಯ ಮೂತ್ರ ಪರೀಕ್ಷೆ.

ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಲ್ಯಾಬಿನಲ್ಲಲ್ಲ, ಮನೆಯಲ್ಲಿ. ಬೆಳಿಗ್ಗೆ ಎದ್ದು ಮಾಡುವ ಮೊದಲ ಮೂತ್ರವನ್ನು ಚೆಲ್ಲಿ ಗಂಟೆ ಬರೆದಿಡಬೇಕು, ಆರೂವರೆ ಎಂದುಕೊಳ್ಳಿ. ಅಲ್ಲಿಂದ ಮುಂದೆ ಪ್ರತಿ ಹನಿಯೂ ಕ್ಯಾನಿಗೆ. ಮಾರನೆಯ ದಿನ ಆರೂವರೆಯದೂ ಸೇರಬೇಕು. ಮಲವಿಸರ್ಜನೆಯ ಹೊತ್ತಿನಲ್ಲಿ ಹೋಗುವ ಮೂತ್ರವನ್ನು ಮರೆಯುವವರೇ ಜಾಸ್ತಿ. ಕ್ಯಾನಿನಲ್ಲಿ ಲ್ಯಾಬಿನವರು ಆಮ್ಲ ಹಾಕಿ ಕೊಟ್ಟಿದ್ದರೆ ನೇರವಾಗಿ ಅದಕ್ಕೇ ಮಾಡಬೇಡಿ, ಮಗ್ಗಿನಲ್ಲಿ ಹಿಡಿದು ಸುರಿಯಿರಿ. ಆಮ್ಲ ಬಿದ್ದ ಮೂತ್ರದಲ್ಲಿ ಕಲ್ಲಾಗಬಲ್ಲ ಇನ್ನೊಂದು ವಸ್ತುವಾದ ಯೂರಿಕ್ ಆಮ್ಲ ತಳಕ್ಕಿಳಿಯುತ್ತದೆ, ಮೂತ್ರ ಎಷ್ಟು ಹುಳಿ ಎಂದು ಹೇಳುವ ಪಿಎಚ್‌ಗೂ ಅರ್ಥವಿರುವುದಿಲ್ಲ. ಅವೆರಡಕ್ಕೆ ಆಮ್ಲವಿಲ್ಲದ ಮಾದರಿ ಬೇಕು. ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದರೆ ಮೊದಲೇ ವೈದ್ಯರಿಗೆ ಹೇಳಿ, ಅದು ಆಕ್ಸಲೇಟ್ ಅಂಕಿಯನ್ನು ಏರಿಸುತ್ತದೆ.

ಪರೀಕ್ಷೆ ಇದೆಯೆಂದು ಅಂದು ಮಾತ್ರ ಕೊಡಗಟ್ಟಲೆ ನೀರು ಕುಡಿದರೆ ವರದಿ ಚೆನ್ನಾಗಿ ಬರುತ್ತದೆ, ಕಲ್ಲು ಅದರ ಪಾಡಿಗೆ ಬೆಳೆಯುತ್ತದೆ. ಭಾನುವಾರ ಮನೆಯಲ್ಲಿ ಕೂತು ಸಂಗ್ರಹಿಸಿದ್ದು, ದಿನವಿಡೀ ಬಿಸಿಲಲ್ಲಿ ಗಾಡಿ ಓಡಿಸುವ ಸೋಮವಾರದ ಕಥೆ ಹೇಳುವುದಿಲ್ಲ. ಸಾಧ್ಯವಿದ್ದರೆ ಎರಡು ದಿನದ್ದು ಮಾಡಿಸುವುದು ಅದಕ್ಕೇ. ಕಲ್ಲು ಬಿದ್ದ ಅಥವಾ ತೆಗೆಸಿದ ಮೇಲೆ ಸುಮಾರು ಆರು ವಾರ ಕಾಯುವುದೂ ವಾಡಿಕೆ.

ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಕ್ರಿಯಾಟಿನಿನ್. ಇದು ಸ್ನಾಯುಗಳಿಂದ ಬರುವ ಕಸ; ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬರುವುದರಿಂದ ಸಂಗ್ರಹ ಪೂರ್ತಿಯಾಗಿದೆಯೇ ಎಂದು ತಿಳಿಯುತ್ತದೆ. ಗಂಡಸರಲ್ಲಿ ದಿನಕ್ಕೆ ಕೆಜಿ ತೂಕಕ್ಕೆ ಸುಮಾರು 20 ಮಿಲಿಗ್ರಾಂ, ಹೆಂಗಸರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. 70 ಕೆಜಿ ಗಂಡಸಿನ ವರದಿಯಲ್ಲಿ ಕ್ರಿಯಾಟಿನಿನ್ 800, ಕ್ಯಾಲ್ಸಿಯಂ 160 ಮಿಲಿಗ್ರಾಂ ಎಂದಿದೆ ಅನ್ನಿ. 1400ರ ಆಸುಪಾಸಿನಲ್ಲಿ ಇರಬೇಕಾದ್ದು 800 ಎಂದರೆ ಹತ್ತಿರ ಹತ್ತಿರ ಅರ್ಧ ಮೂತ್ರ ಕ್ಯಾನಿಗೆ ಬಂದೇ ಇಲ್ಲ. ‘ನಾರ್ಮಲ್’ ಎಂದು ಅಚ್ಚಾದ ಆ ಕ್ಯಾಲ್ಸಿಯಂ ನಿಜದಲ್ಲಿ 280ರಷ್ಟಿರಬಹುದು; ಗಂಡಸರಿಗೆ 250, ಹೆಂಗಸರಿಗೆ 200 ಮೀರಿದರೆ ಅದು ಹೆಚ್ಚೇ.

ಉಳಿದ ಅಂಕಿಗಳಲ್ಲಿ ಮೂತ್ರದ ಪ್ರಮಾಣ 2.5 ಲೀಟರ್ ಮುಟ್ಟಬೇಕು. ಅದು ಒಂದು ಲೀಟರಿನಷ್ಟೇ ಇದ್ದರೆ ಬೇರೆ ಕಾರಣ ಹುಡುಕುವ ಮೊದಲು ನೀರು. ಆಕ್ಸಲೇಟ್ 40 ಮಿಲಿಗ್ರಾಂ ಒಳಗಿರಲಿ. ಸಿಟ್ರೇಟ್ ಮಾತ್ರ ತಿರುಗಾಮುರುಗಾ: ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಕಲ್ಲನ್ನು ತಡೆಯುವುದರಿಂದ 320 ಮಿಲಿಗ್ರಾಂಗಿಂತ ಕಡಿಮೆಯಾದರೆ ತೊಂದರೆ. ಪಿಎಚ್ ಯಾವಾಗಲೂ 5.5ರ ಕೆಳಗಿದ್ದರೆ ಯೂರಿಕ್ ಆಮ್ಲದ ಕಲ್ಲಿಗೆ ದಾರಿ, ದಿನದ ಯೂರಿಕ್ ಆಮ್ಲ ಹೆಚ್ಚಿಲ್ಲದಿದ್ದರೂ ಕೂಡ.

ಕ್ಯಾಲ್ಸಿಯಂ ಹೆಚ್ಚೆಂದು ಹಾಲು, ಮೊಸರು ಬಿಡುವವರೇ ಎಲ್ಲ ಕಡೆ. ಅದು ತಪ್ಪು. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟಿಗೆ ಕಟ್ಟು ಬೀಳದೆ ಅದು ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಇಳಿಯುತ್ತದೆ. ಇಟಲಿಯಲ್ಲಿ ಬೋರ್ಘಿ ತಂಡ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ ಗಂಡಸರ ಮೇಲೆ ಐದು ವರ್ಷ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಡಿತಗೊಳಿಸಿದವರಿಗಿಂತ, ಕ್ಯಾಲ್ಸಿಯಂ ಮಾಮೂಲಾಗಿ ತಿಂದು ಉಪ್ಪು, ಮಾಂಸ ತಗ್ಗಿಸಿದವರಲ್ಲಿ ಮರುಕಲ್ಲು ಸುಮಾರು ಅರ್ಧದಷ್ಟಿತ್ತು. ಆದ್ದರಿಂದ ಕ್ಯಾಲ್ಸಿಯಂ ಸಾಲಿನ ಜೊತೆಗೇ, ಉಪ್ಪಿನಿಂದ ಬರುವ ಸೋಡಿಯಂ ಸಾಲನ್ನೂ ಓದಬೇಕು. ಅದು 200 ಮಿಲಿಮೋಲ್ ದಾಟಿದ್ದರೆ ಸುಮಾರು 12 ಗ್ರಾಂ ಉಪ್ಪು ಹೊಟ್ಟೆಗೆ ಹೋಗಿದೆ ಎಂದರ್ಥ. ಸೋಡಿಯಂ 100 ಮಿಲಿಮೋಲ್ ಇಳಿದರೆ ಕ್ಯಾಲ್ಸಿಯಮ್ಮೂ ಸುಮಾರು 40 ಮಿಲಿಗ್ರಾಂ ಇಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಉದುರಿಸುವ ಉಪ್ಪು ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. ಪಥ್ಯ ಬದಲಿಸಿದ ಆರು ತಿಂಗಳೊಳಗೆ ಇನ್ನೊಮ್ಮೆ ಕ್ಯಾನು ತುಂಬಿಸಿ ಅದೇ ಎರಡು ಸಾಲನ್ನು ಹೋಲಿಸಿ ನೋಡಬೇಕು.