ಜೇನು ಹುಡುಕಿದರೆ ಕವಿತೆ ಬಂತು

ಹೋದ ವಾರ ಒಂದು ಡಿಜಿಟಲ್ ಗ್ರಂಥಾಲಯದಲ್ಲಿ ಜೇನು ಸಾಕಣೆ ಬಗ್ಗೆ ಹಳೆಯ ಕನ್ನಡ ಪುಸ್ತಕ ಇದೆಯಾ ಅಂತ ನೋಡಲು ಕೂತೆ. ‘ಜೇನು’ ಅಂತ ಟೈಪ್ ಮಾಡಿದೆ. ಬಂದದ್ದೆಲ್ಲ ಕವನ ಸಂಕಲನ! ನಮ್ಮ ಕವಿಗಳಿಗೆ ಜೇನಿನ ಮೇಲೆ ಪ್ರೀತಿ ಜಾಸ್ತಿ. ಪೆಟ್ಟಿಗೆಯಲ್ಲಿ ಹುಳ ಸಾಕುವ ಪುಸ್ತಕ ಮಾತ್ರ ಅಲ್ಲಿತ್ತೋ ಇಲ್ಲವೋ, ತಿಳಿಯಲೇ ಇಲ್ಲ.

‘ಸರ್ಚ್ ಇದ್ದ ಮೇಲೆ ಇನ್ನೇನು ಬೇಕು’ ಅನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಏನು ಕೇಳಬೇಕು ಅಂತ ಮೊದಲೇ ಗೊತ್ತಿದ್ದವರಿಗಷ್ಟೇ ಸರ್ಚ್. ಕಪಾಟಿನ ಮುಂದೆ ನಿಂತವರ ಕಥೆ ಬೇರೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜೇನು ಸಾಕಣೆ 638.1. ಪಕ್ಕದಲ್ಲೇ 638.2, ರೇಷ್ಮೆ ಹುಳ. ಒಂದು ಹೆಜ್ಜೆ ಹಿಂದೆ 637, ಹಾಲು-ಬೆಣ್ಣೆ. ಜೇನಿಗೆ ಅಂತ ಬಂದವರು ರೇಷ್ಮೆ ಪುಸ್ತಕ ಹಿಡಿದು ಮನೆಗೆ ಹೋಗಬಹುದು. ಪರದೆಯ ಮೇಲೆ ಆ ಸುಖ ಸಿಗಬೇಕಾದರೆ ಇಡೀ ಗ್ರಂಥಾಲಯ ಚಿತ್ರವಾಗಿ ಕಾಣಬೇಕು.

ಅಂಥ ಚಿತ್ರಗಳಲ್ಲಿ ನನಗೆ ಅಚ್ಚುಮೆಚ್ಚು ಟ್ರೀಮ್ಯಾಪ್. ಇದು ಗ್ರಂಥಾಲಯಕ್ಕಾಗಿ ಹುಟ್ಟಿದ್ದಲ್ಲ. 1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬೆನ್ ಶ್ನೈಡರ್‌ಮನ್ ಅವರ ಪ್ರಯೋಗಾಲಯದ 14 ಜನಕ್ಕೆ ಇದ್ದದ್ದು ಒಂದೇ ಹಾರ್ಡ್ ಡಿಸ್ಕ್, 80 ಮೆಗಾಬೈಟಿನದು. ಅದು ತುಂಬಿಹೋಗಿತ್ತು. ಯಾರ ಫೈಲು ಎಷ್ಟು ಜಾಗ ನುಂಗಿದೆ ಅಂತ ಒಂದೇ ನೋಟಕ್ಕೆ ಕಾಣಲಿ ಎಂದು ಅವರು ಪರದೆಯನ್ನೇ ಆಯತಗಳಾಗಿ ಹಂಚಿದರು. ಫೈಲಿನ ಬದಲು ಪುಸ್ತಕ ಇಟ್ಟರೆ ನಮ್ಮ ಕೆಲಸವಾಯಿತು. ಕೃಷಿ ಒಂದು ಆಯತ, ಅದರೊಳಗೆ ರೇಷ್ಮೆ, ಜೇನು. ಎಷ್ಟು ಪುಸ್ತಕವೋ ಅಷ್ಟು ಜಾಗ.

ಹಂಚುವುದರಲ್ಲೇ ಇರುವುದು ಮಜಾ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವುದನ್ನು ನೋಡಿದ್ದೀರಲ್ವಾ? 198 ಅಡಿ ಉದ್ದ, 132 ಅಡಿ ಅಗಲದ ಹೊಲ ಅಂದುಕೊಳ್ಳಿ. ಸರಿಯಾಗಿ 24 ಗುಂಟೆ. ಪಾಲು ಏಳು: 6, 6, 4, 3, 2, 2, 1 ಗುಂಟೆ. ಹಗ್ಗ ಹಿಡಿದು ಉದ್ದಕ್ಕೆ ಅಡ್ಡವಾಗಿ ಸೀಳುತ್ತಾ ಹೋದರೆ ಕಡೆಯವನಿಗೆ ಎಂಟೂಕಾಲು ಅಡಿ ಅಗಲದ, 132 ಅಡಿ ಉದ್ದದ ಪಟ್ಟಿ. ಎತ್ತು ತಿರುಗಿಸಲೂ ಆಗದು! ಪರದೆಯಲ್ಲಿ ಅಂಥ ಪಟ್ಟಿಯ ಮೇಲೆ ಹೆಸರು ಬರೆಯಲಾಗದು, ಬೆರಳಿಟ್ಟು ಒತ್ತಲಾಗದು. ಮೊದಲ ಟ್ರೀಮ್ಯಾಪ್‌ಗಳ ಗೋಳು ಇದೇ.

ಸುಮಾರು ಹತ್ತು ವರ್ಷದ ನಂತರ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಮೂವರು ಇದಕ್ಕೊಂದು ಉಪಾಯ ಹುಡುಕಿದರು. ದೊಡ್ಡ ಪಾಲು ಮೊದಲು. ಗಿಡ್ಡ ಬದಿಗೆ ಅಂಟಿಸಿ ಜೋಡಿಸಬೇಕು. ಮುಂದಿನದನ್ನು ಅದೇ ಸಾಲಿಗೆ ಸೇರಿಸಿದರೆ ಆಕಾರ ಚೌಕಕ್ಕೆ ಹತ್ತಿರವಾಗುತ್ತದಾ? ಸೇರಿಸಿ. ಕೆಡುತ್ತದಾ? ಆ ಸಾಲಿಗೆ ಬಾಂದು ಕಲ್ಲು ನೆಟ್ಟು, ಉಳಿದ ಜಾಗದಲ್ಲಿ ಹೊಸ ಸಾಲು ಹಿಡಿಯಿರಿ. ಈಗ 6 ಗುಂಟೆಯ ಎರಡೂ ಪಾಲು 99 ಅಡಿಗೆ 66 ಅಡಿ. ಕಡೆಯವನಿಗೆ 55 ಅಡಿಗೆ ಸುಮಾರು 20 ಅಡಿ. ಸಣ್ಣದೊಂದು ಮನೆ ಕಟ್ಟಬಹುದು. ಮನೆ ಖಾಲಿ ಮಾಡುವಾಗ ಲಾರಿಗೆ ಬೀರು ಮೊದಲು, ಡಬ್ಬಿ-ಪಾತ್ರೆ ಕೊನೆಗೆ ಹಾಕುತ್ತೇವಲ್ಲ, ಅದೇ ಬುದ್ಧಿ.

ಆದರೆ ಪಾಲುಪಟ್ಟಿ ಬರೆದವರು ಯಾರು ಅನ್ನುವುದೂ ಮುಖ್ಯ. 1876ರಲ್ಲಿ ಶುರುವಾದ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814. ಅಂದರೆ 890ರ ‘ಇತರ ಭಾಷೆಗಳ ಸಾಹಿತ್ಯ’ ಎಂಬ ಕೋಣೆಯ ಒಂದು ಮೂಲೆ. ಪ್ರತಿ ವಿಭಾಗಕ್ಕೂ ಸಮ ಜಾಗ ಕೊಟ್ಟು ಬಿಡಿಸಿದರೆ ಇಡೀ ಕನ್ನಡ ಸಾಹಿತ್ಯ ಸಾಸಿವೆ ಕಾಳು. ಪುಸ್ತಕದ ಲೆಕ್ಕಕ್ಕೆ ಬಿಡಿಸಿದರೆ ನಮ್ಮೂರಿನ ಗ್ರಂಥಾಲಯದಲ್ಲಿ ಪರದೆ ತುಂಬ ಅದೇ. ನನ್ನ ಓಟು ಲೆಕ್ಕಕ್ಕೆ.

ಪುಸ್ತಕವನ್ನು ಒಂದೇ ಗೂಡಿಗೆ ತುರುಕುವುದನ್ನು ಒಪ್ಪದವರು ಎಸ್.ಆರ್. ರಂಗನಾಥನ್. ಮದರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದವರು, 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನಾ-ತರಬೇತಿ ಕೇಂದ್ರ ಕಟ್ಟಿದವರು. 1933ರ ಅವರ ಕೋಲನ್ ಪದ್ಧತಿಯಲ್ಲಿ ವಸ್ತು, ಕೆಲಸ, ಜಾಗ, ಕಾಲ ಎಲ್ಲಕ್ಕೂ ಬೇರೆ ಬೇರೆ ಮುಖ. ಆನ್‌ಲೈನ್‌ನಲ್ಲಿ ಅಂಗಿ ಕೊಳ್ಳುವಾಗ ಅಳತೆ, ಬಣ್ಣ, ಬೆಲೆಗೆ ಟಿಕ್ ಹಾಕುತ್ತೀರಲ್ಲ, ಅದೇ ಜಾತಿಯ ಯೋಚನೆ. ಟ್ರೀಮ್ಯಾಪ್ ಪಕ್ಕದಲ್ಲಿ ಈ ಟಿಕ್‌ಗಳೂ ಇದ್ದರೆ ‘ಜೇನು, ಸಾಕಣೆ, ಕೊಡಗು’ ಅಂತ ಒತ್ತಿದ ತಕ್ಷಣ ಕವಿತೆಯ ಆಯತಗಳೆಲ್ಲ ಮಾಯ.

ಎಕ್ಸೆಲ್‌ನಲ್ಲೂ 2016ರ ಆವೃತ್ತಿಯಿಂದ ಟ್ರೀಮ್ಯಾಪ್ ಇದೆ. ಸುಮ್ನೆ ನಮ್ಮ ಮನೆ ಪುಸ್ತಕಗಳ ಪಟ್ಟಿ ಹಾಕಿ ನೋಡಿದೆ. ಎಲ್ಲಕ್ಕಿಂತ ದೊಡ್ಡ ಆಯತದ ಹೆಸರು ‘ಇತರೆ’. ವಿಷಯದ ಕಾಲಂ ತುಂಬಲು ಬೇಜಾರಾದಾಗಲೆಲ್ಲ ನಾನೇ ಹಾಗೆ ಬರೆದಿದ್ದೆ.